ಕಿವಿ ಕಾಯುವ ಕಸುಬು

ರಬಕವಿ-ಬನಹಟ್ಟಿಯ ನೇಕಾರರ ಓಣಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಮನೆಯ ಮುಂದಿನ ಕೋಣೆಯಲ್ಲೇ ನಾಲ್ಕೋ ಆರೋ ವಿದ್ಯುತ್ ಮಗ್ಗ. ಲಾಳಿ ಈ ತುದಿಯಿಂದ ಹಾರಿ ಆ ತುದಿಗೆ ಬಡಿದರೆ ಒಂದು ಠಕ್, ಹಣಿಗೆ ಬಂದು ಹೊಕ್ಕಿನ ನೂಲನ್ನು ಒತ್ತಿದರೆ ಇನ್ನೊಂದು ಠಕ್. ನಿಮಿಷಕ್ಕೆ ನೂರಕ್ಕೂ ಮಿಕ್ಕಿದ ಹೊಡೆತ, ಅದೂ ಒಂದೇ ಮಗ್ಗದ್ದು. ತಗಡಿನ ಮಾಡು ಅಷ್ಟನ್ನೂ ತಿರುಗಿ ಕೆಳಕ್ಕೇ ಕಳಿಸುತ್ತದೆ. ಒಳಗೆ ಕಂಡಿಕೆ ಬದಲಿಸುವ ಹೆಣ್ಣುಮಗಳೂ ಹರಿದ ಎಳೆಗೆ ಗಂಟುಹಾಕುವ ಗಂಡಾಳೂ ಮಾತಾಡಿಕೊಳ್ಳುತ್ತಾರೆ. ದನಿಗೆ ಅಲ್ಲಿ ಕೆಲಸವಿಲ್ಲ. ತುಟಿ, ಹುಬ್ಬು, ಬೆರಳುಗಳೇ ಮಾತು.

ಮಗ್ಗ ನಿಂತ ಮೇಲೂ ಕಿವಿಯೊಳಗಿನ ಗುಂಯ್ ಎಂಬ ಸದ್ದು ನಿಲ್ಲುವುದಿಲ್ಲ. ರಾತ್ರಿ ಟಿ.ವಿ. ದನಿ ಏರುತ್ತದೆ, ಮಕ್ಕಳು ಗೊಣಗುತ್ತಾರೆ. ಸೊಸೆ ಕರೆದದ್ದು ಗೊತ್ತಾಗುತ್ತದೆ, ಏನು ಹೇಳಿದಳೆಂದು ಗೊತ್ತಾಗುವುದಿಲ್ಲ. "ವಯಸ್ಸಾತು" ಎಂದು ಮನೆಮಂದಿ ಸುಮ್ಮನಾಗುತ್ತಾರೆ. ನಲವತ್ತೈದರ ಮನುಷ್ಯನಿಗೆ ಅರವತ್ತೈದರ ಕಿವಿ ಬಂದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ.

ಅದನ್ನು ಕೇಳುವುದೇ ಒಂದು ವೃತ್ತಿ. ಆಡಿಯಾಲಜಿಸ್ಟ್ ಎಂದರೆ ಕಿವಿ ಪರೀಕ್ಷೆ ಮಾಡಿ ಶ್ರವಣ ಸಾಧನ ಕೊಡುವವರು ಎಂಬಷ್ಟು ನಮಗೆ ಗೊತ್ತು. ಅವರ ವಿದ್ಯೆಗೆ ಇನ್ನೊಂದು ಮುಖವಿದೆ: ಸಾಧನವೇ ಬೇಕಾಗದಂತೆ ನೋಡಿಕೊಳ್ಳುವುದು. ಕಾರ್ಖಾನೆ, ಗಣಿ, ನೇಕಾರಿಕೆ ಶೆಡ್ಡುಗಳಿಗೇ ಹೋಗಿ ಅಲ್ಲಿ ದುಡಿಯುವವರ ಕಿವಿ ಕೆಡದ ಹಾಗೆ ಕಾಯುವುದು. ನಮ್ಮಲ್ಲಿ ಅತಿ ಕಡಿಮೆ ಬಳಕೆಯಾಗುತ್ತಿರುವುದು ಈ ಮುಖವೇ.

ಮತ್ತೆ ಬೆಳೆಯದ ಬೆಳೆ

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಆಕಾರದ ಸಣ್ಣ ಸುರುಳಿಯೊಂದಿದೆ. ಬಿಡಿಸಿ ಹಾಸಿದರೆ ಸುಮಾರು 35 ಮಿಲಿಮೀಟರ್ ಉದ್ದ. ಅದರೊಳಗೆ ಸಾಲಾಗಿ ನಿಂತಿರುವ ರೋಮಕೋಶಗಳು ಒಂದು ಕಿವಿಗೆ 15 ಸಾವಿರದ ಆಸುಪಾಸು. ಸದ್ದಿನ ಕಂಪನಕ್ಕೆ ಈ ಕೋಶಗಳ ತುದಿಯ ಎಳೆಗಳು ಬಾಗುತ್ತವೆ, ಬಾಗಿದ್ದು ವಿದ್ಯುತ್ ಸಂಕೇತವಾಗಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ನಾವು ಕೇಳುವುದೆಂದರೆ ಇಷ್ಟು.

ಜೋರು ಗಾಳಿಗೆ ಒರಗಿದ ಭತ್ತದ ಪೈರು ಒಂದೆರಡು ದಿನದಲ್ಲಿ ತಲೆ ಎತ್ತುವಂತೆ, ಒಂದು ದಿನದ ಗದ್ದಲಕ್ಕೆ ಬಳಲಿದ ಕೋಶಗಳೂ ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತವೆ. ಜಾತ್ರೆಯ ಡಿ.ಜೆ. ಕೇಳಿ ಮನೆಗೆ ಬಂದವರಿಗೆ ಕಿವಿ ಮುಚ್ಚಿಕೊಂಡಂತಾಗಿ ಬೆಳಿಗ್ಗೆ ಸರಿಹೋಗುವುದು ಇದರಿಂದಲೇ. ಆದರೆ ದಿನವೂ ಎಂಟು ಗಂಟೆ, ವರ್ಷಗಟ್ಟಲೆ ಅದೇ ಹೊಡೆತ ಬಿದ್ದರೆ ಕೋಶ ಸಾಯುತ್ತದೆ. ಹಕ್ಕಿಗಳಲ್ಲಿ ಸತ್ತ ರೋಮಕೋಶದ ಜಾಗದಲ್ಲಿ ಹೊಸದು ಹುಟ್ಟುತ್ತದೆಂದು 1980ರ ದಶಕದ ಕೊನೆಯಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಮನುಷ್ಯರಿಗೆ ಆ ಭಾಗ್ಯವಿಲ್ಲ. ಹೋದದ್ದು ಹೋಯಿತು. ಔಷಧವಿಲ್ಲ, ಶಸ್ತ್ರಚಿಕಿತ್ಸೆಯಿಂದ ಹಳೆಯ ಕಿವಿ ಮರಳುವುದಿಲ್ಲ. ಶ್ರವಣ ಸಾಧನ ದನಿಯನ್ನು ದೊಡ್ಡದು ಮಾಡಬಲ್ಲದು, ಸತ್ತ ಕೋಶದ ಕೆಲಸವನ್ನು ತಾನು ಮಾಡಲಾರದು.

ಬೆಳಿಗ್ಗೆ ಸರಿಹೋಯಿತೆಂದು ನಂಬಿ ಕೂರುವಂತೆಯೂ ಇಲ್ಲ. 2009ರಲ್ಲಿ ಅಮೆರಿಕದ ಷರಾನ್ ಕುಜಾವ ಮತ್ತು ಚಾರ್ಲ್ಸ್ ಲಿಬರ್‌ಮನ್ ಇಲಿಗಳ ಮೇಲಿನ ಅಧ್ಯಯನವೊಂದನ್ನು ಪ್ರಕಟಿಸಿದರು. ಗದ್ದಲದ ನಂತರ ಇಲಿಗಳ ಕೇಳುವ ಮಟ್ಟ ಮೊದಲಿನಂತಾಯಿತು, ರೋಮಕೋಶಗಳೂ ಉಳಿದವು. ಆದರೆ ಕೋಶ ಮತ್ತು ನರ ಕೂಡುವ ಬೆಸುಗೆಗಳು ದೊಡ್ಡ ಸಂಖ್ಯೆಯಲ್ಲಿ ಶಾಶ್ವತವಾಗಿ ಕಳಚಿಹೋಗಿದ್ದವು. ಮಾಮೂಲಿ ಪರೀಕ್ಷೆಯಲ್ಲಿ ಕಾಣದ ನಷ್ಟವೂ ಇದೆ ಎಂಬುದು ಅಂದಿನಿಂದ ಈ ವೃತ್ತಿಯವರ ನಿದ್ದೆಗೆಡಿಸಿದ ಸಂಗತಿ.

ಕಾಲು, ಸಾಲು, ಪಾಲು, ಶಾಲು

ಗದ್ದಲ ಕಿವಿಯನ್ನು ಒಂದೇ ಸಮನೆ ಕೆಡಿಸುವುದಿಲ್ಲ. ಮೊದಲು ಹೋಗುವುದು 4,000 ಹರ್ಟ್ಜ್ ಸುತ್ತಲಿನ ಮೇಲಿನ ಸ್ಥಾಯಿ. ಕಿವಿಯ ನಾಳದ ರಚನೆಯೇ ಆ ಸುಮಾರಿನ ಸದ್ದನ್ನು ಹಿಗ್ಗಿಸಿ ಒಳಕ್ಕೆ ಕಳಿಸುವುದರಿಂದ ಅಲ್ಲಿನ ಕೋಶಗಳಿಗೆ ಪೆಟ್ಟು ಹೆಚ್ಚು.

ಇದು ಬದುಕಿನಲ್ಲಿ ಹೇಗೆ ಕಾಣುತ್ತದೆ? ನಮ್ಮ ಮಾತಿನಲ್ಲಿ ಸ್ವರಗಳು ಕೆಳಗಿನ ಸ್ಥಾಯಿಯವು, ಜೋರಿನವು. ಸ, ಶ, ತ, ಕ, ಪ ಮುಂತಾದ ವ್ಯಂಜನಗಳು ಮೇಲಿನ ಸ್ಥಾಯಿಯವು, ಮೆಲುವಿನವು. ಮೇಲಿನದು ಮಸುಕಾದವರಿಗೆ ಕಾಲು, ಸಾಲು, ಪಾಲು, ಶಾಲು ನಾಲ್ಕೂ ಒಂದೇ. 'ಆಲು' ಎಂಬಷ್ಟು ಕಿವಿಗೆ ಬೀಳುತ್ತದೆ, ಉಳಿದದ್ದನ್ನು ಊಹಿಸಬೇಕು. ಒಬ್ಬರೇ ಎದುರು ಕೂತು ಮಾತಾಡಿದರೆ ತುಟಿ ನೋಡಿ ಹೊಂದಿಸಿಕೊಳ್ಳಬಹುದು. ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಫೋನಿನಲ್ಲಿ ಅದು ಆಗದು. "ಕೇಳಸ್ತೈತ್ರಿ ಮೇಡಂ, ಆದ್ರ ಏನಂದ್ರು ಅಂತ ತಿಳಿಯಂಗಿಲ್ಲ" ಎನ್ನುವ ದೂರಿನ ಹಿಂದಿರುವುದು ಇದೇ. ಕೂಗಿ ಹೇಳಿದರೆ ಪ್ರಯೋಜನವಿಲ್ಲ. ಕೂಗಿದಾಗ ಹಿಗ್ಗುವುದು ಸ್ವರ, ವ್ಯಂಜನವಲ್ಲ. ಕೂಗಿ ಕೂಗಿ ಮನೆಯವರಿಗೆ ಸಿಟ್ಟು, ಕೂಗಿಸಿಕೊಂಡವರಿಗೆ ಅವಮಾನ. ಕೊನೆಗೆ ಆ ಮನುಷ್ಯ ಕಟ್ಟೆಗೆ ಬಂದು ಕೂರುವುದನ್ನೇ ಬಿಡುತ್ತಾನೆ. ಈ ಒಂಟಿತನವನ್ನು ಅಳೆಯುವ ಯಂತ್ರವಿಲ್ಲ, ಆದ್ದರಿಂದ ಯಾವ ಕಡತದಲ್ಲೂ ಇದು ನಮೂದಾಗುವುದಿಲ್ಲ.

ಡೆಸಿಬೆಲ್ ಲೆಕ್ಕದ ಒಳಗುಟ್ಟು

ಸದ್ದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಈ ಲೆಕ್ಕ ನಮ್ಮ ಕೂಡು-ಕಳೆಯಂತಲ್ಲ. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. 85ಕ್ಕೂ 100ಕ್ಕೂ ನಡುವಿನ ಅಂತರ ಹದಿನೈದೇ ಎನಿಸಬಹುದು. ಶಕ್ತಿಯ ಲೆಕ್ಕದಲ್ಲಿ 100 ಡೆಸಿಬೆಲ್ ಎಂದರೆ 85ರ ಮೂವತ್ತು ಪಟ್ಟಿಗೂ ಹೆಚ್ಚು.

ಉದ್ಯೋಗದ ಆರೋಗ್ಯ, ಸುರಕ್ಷತೆ ಕುರಿತು ಸಂಶೋಧನೆ ನಡೆಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಯೋಶ್ 1998ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಇದೇ ತತ್ವದ ಮೇಲೆ ನಿಂತಿದೆ. ದಿನಕ್ಕೆ 8 ಗಂಟೆ ದುಡಿಯುವವರಿಗೆ 85 ಡೆಸಿಬೆಲ್ ಮಿತಿ. 88 ಆದರೆ 4 ಗಂಟೆ, 91 ಆದರೆ 2 ಗಂಟೆ, 94 ಆದರೆ ಒಂದೇ ಗಂಟೆ. ನೇಕಾರಿಕೆ ಶೆಡ್ಡಿನಂತೆ 100ರ ಹತ್ತಿರ ಹೋದರೆ ಬರೀ 15 ನಿಮಿಷ. ಅಂದರೆ ನೇಕಾರ ಬೆಳಗಿನ ಮೊದಲ ಚಹಾ ಕುಡಿಯುವ ಮೊದಲೇ ಆ ದಿನದ ಪಾಲು ಮುಗಿದಿರುತ್ತದೆ.

ನಮ್ಮ ಕಾರ್ಖಾನೆ ಕಾನೂನಿನ ಮಾದರಿ ನಿಯಮಗಳು ಇಷ್ಟು ಬಿಗಿಯಾಗಿಲ್ಲ. ಅಲ್ಲಿ 8 ಗಂಟೆಗೆ 90 ಡೆಸಿಬೆಲ್, 4 ಗಂಟೆಗೆ 95, 2 ಗಂಟೆಗೆ 100. ಐದು ಡೆಸಿಬೆಲ್ ವ್ಯತ್ಯಾಸದಲ್ಲಿ ಏನಿದೆ ಎನ್ನಬೇಡಿ. ನಲವತ್ತು ವರ್ಷದ ದುಡಿಮೆಯಲ್ಲಿ 85 ಡೆಸಿಬೆಲ್‌ಗೆ ಕಿವಿಯೊಡ್ಡಿದ ನೂರು ಜನರಲ್ಲಿ 8 ಮಂದಿ ಆ ಗದ್ದಲದಿಂದಾಗಿಯೇ ಗಣನೀಯ ಶ್ರವಣದೋಷಕ್ಕೆ ತುತ್ತಾಗುತ್ತಾರೆ, 90 ಡೆಸಿಬೆಲ್‌ನಲ್ಲಿ ಆ ಸಂಖ್ಯೆ 25 ಎಂದು ನಯೋಶ್ ಅಂದಾಜಿಸಿದೆ. ನಮ್ಮ ಕಾನೂನು ಸರಿ ಎನ್ನುವ ಸದ್ದಿನಲ್ಲೇ ನಾಲ್ವರಲ್ಲಿ ಒಬ್ಬರ ಕಿವಿ ಹೋಗುತ್ತದೆ ಎಂದಾಯಿತು. ಇದರ ಮೇಲೆ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನದ ಪಾಳಿಯನ್ನು 12 ಗಂಟೆವರೆಗೆ ಹಿಗ್ಗಿಸಲು ಅವಕಾಶ ಕೊಡುವ ತಿದ್ದುಪಡಿಯನ್ನು ಕರ್ನಾಟಕ 2023ರಲ್ಲಿ ಮಾಡಿತು. ಪಾಳಿ ಉದ್ದವಾದಷ್ಟೂ ಸದ್ದಿನ ಮಿತಿ ಇಳಿಯಬೇಕು. 85 ಡೆಸಿಬೆಲ್ ಎಂಟು ಗಂಟೆಗೆ ಎಂದಾದರೆ ಹನ್ನೆರಡು ಗಂಟೆಗೆ ಅದು ಸುಮಾರು 83. ತಿದ್ದುಪಡಿಯ ಚರ್ಚೆಯಲ್ಲಿ ಉತ್ಪಾದನೆಯ ಮಾತು ಬಂತು, ಹೂಡಿಕೆಯ ಮಾತು ಬಂತು; ಕಿವಿಯ ಮಾತು ಮುಖ್ಯವಾಗಲೇ ಇಲ್ಲ.

ತಾಮ್ರದ ಬೀದಿಯಿಂದ ಮಾನಸಗಂಗೋತ್ರಿಗೆ

ಕಸುಬು ಕಿವಿಯನ್ನು ಕೆಡಿಸುತ್ತದೆಂಬುದು ಹಳೆಯ ತಿಳಿವಳಿಕೆ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಝಿನಿ 300 ವರ್ಷಗಳ ಹಿಂದೆಯೇ ವೆನಿಸ್ಸಿನ ತಾಮ್ರ ಬಡಿಯುವವರ ಕೇರಿಯ ಬಗ್ಗೆ ಬರೆದಿದ್ದ. ದಿನವಿಡೀ ಬಡಿತ ಕೇಳಿ ಅವರ ಕಿವಿ ಮಂದವಾಗುವುದನ್ನು ಗುರುತಿಸಿದ್ದ. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ ಹಡಗುಗಳ ಬಾಯ್ಲರ್ ತಯಾರಿಸುವ ನೂರು ಜನರನ್ನು ಪರೀಕ್ಷಿಸಿದ. ಕೈಗಡಿಯಾರದ ಟಿಕ್‌ಟಿಕ್ಕೇ ಅವನ ಉಪಕರಣ. ನೂರರಲ್ಲಿ ಒಬ್ಬರ ಕಿವಿಯೂ ಸರಿಯಿರಲಿಲ್ಲ. ಹೋಲಿಕೆಗೆಂದು ಅಂಚೆ ಬಟವಾಡೆ ಮಾಡುವವರನ್ನೂ ಪರೀಕ್ಷಿಸಿದ್ದ, ಅವರ ಕಿವಿ ಬಹುಪಾಲು ಚೆನ್ನಾಗಿತ್ತು.

ನಮಗೆ ಹೆಚ್ಚು ಹತ್ತಿರದ ಸಂಗತಿ ಸ್ಕಾಟ್ಲೆಂಡಿನ ಡಂಡೀ ನಗರದ್ದು. ಬಂಗಾಳದಿಂದ ಹೋದ ಸೆಣಬನ್ನು ಅಲ್ಲಿನ ಹೆಣ್ಣುಮಕ್ಕಳು ಮಗ್ಗಗಳಲ್ಲಿ ನೇಯುತ್ತಿದ್ದರು. ಕೆಲವರು ಒಂದೇ ಸದ್ದಿನಲ್ಲಿ ಹತ್ತಾರು ವರ್ಷ ಕಳೆದಿದ್ದರು. 1965ರಲ್ಲಿ ಪ್ರಕಟವಾದ ಅಧ್ಯಯನವು ಈ ಹೆಂಗಸರ ಕಿವಿ ಕೆಟ್ಟ ಬಗೆಯನ್ನು ವರ್ಷವರ್ಷದ ಲೆಕ್ಕದಲ್ಲಿ ತೋರಿಸಿತು. 4,000 ಹರ್ಟ್ಜ್‌ನಲ್ಲಿ ನಷ್ಟ ಬಲು ಬೇಗ ಆಗುವುದು ಮೊದಲ 10-15 ವರ್ಷಗಳಲ್ಲಿ. ಮಾತಿಗೆ ಬೇಕಾದ ಸ್ಥಾಯಿಗೆ ಅದು ಹಬ್ಬುವುದು ಆಮೇಲೆ. ಹೊಸದಾಗಿ ಕೆಲಸಕ್ಕೆ ಸೇರಿದ ಇಪ್ಪತ್ತರ ಹುಡುಗಿಗೇ ಮೊದಲು ರಕ್ಷಣೆ ಬೇಕು ಎಂಬುದು ಇದರ ಅರ್ಥ. ನಾವಾದರೋ ಹಿರಿಯ ಕಾರ್ಮಿಕ ದೂರು ಹೇಳಿದ ಮೇಲೆ ಎಚ್ಚರಗೊಳ್ಳುತ್ತೇವೆ. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಲ್ಲಿ ತುಟಿಯೋದುವ ಮಾತೇ ಒಂದು ಭಾಷೆಯಷ್ಟು ಬೆಳೆದಿತ್ತು. ಬನಹಟ್ಟಿಯ ಶೆಡ್ಡಿನಲ್ಲಿರುವುದೂ ಅದರ ದಾಯಾದಿಯೇ.

ಆಡಿಯಾಲಜಿ ಒಂದು ಶಾಸ್ತ್ರವಾಗಿ ರೂಪುಗೊಂಡದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಫಿರಂಗಿ, ವಿಮಾನಗಳ ಸದ್ದಿಗೆ ಕಿವಿ ಕಳೆದುಕೊಂಡು ಮರಳಿದ ಸೈನಿಕರಿಗಾಗಿ ಅಮೆರಿಕದ ಸೇನಾ ಆಸ್ಪತ್ರೆಗಳು ವಿಶೇಷ ಕೇಂದ್ರ ತೆರೆದವು. ಅಲ್ಲಿ ದುಡಿದ ರೇಮಂಡ್ ಕಾರ್ಹಾರ್ಟ್ ಮುಂದೆ ಇದನ್ನು ವಿಶ್ವವಿದ್ಯಾಲಯದ ಪಾಠವಾಗಿಸಿದರು. ಹಾಗಾಗಿ ಈ ಕಸುಬು ಹುಟ್ಟಿದ್ದೇ ಕೆಲಸದ ಸದ್ದಿಗೆ ಕೆಟ್ಟ ಕಿವಿಗಳಿಂದ.

ಭಾರತದಲ್ಲಿ ಇದಕ್ಕೆ ತಾಯಿಮನೆ ಮೈಸೂರು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದದ್ದು 1965ರಲ್ಲಿ. ಜಾಗ ಕೊಟ್ಟವರು ಜಯಚಾಮರಾಜೇಂದ್ರ ಒಡೆಯರ್. ಊರಿನವರ ಬಾಯಲ್ಲಿ 'ಸ್ಪೀಚ್ ಅಂಡ್ ಹಿಯರಿಂಗ್' ಎಂದೇ ಹೆಸರಾದ ಈ ಸಂಸ್ಥೆಯಲ್ಲಿ ಓದಿದವರು ಇಂದು ದೇಶ ವಿದೇಶಗಳಲ್ಲಿದ್ದಾರೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಶ್ರವಣ ಮತ್ತು ವಾಕ್ ಶಾಸ್ತ್ರದ ನಾಲ್ಕು ವರ್ಷದ ಬಿ.ಎ.ಎಸ್‌.ಎಲ್‌.ಪಿ. ಪದವಿ ಮಾಡಬಹುದು, ಅದರಲ್ಲಿ ಕೊನೆಯ ವರ್ಷ ಇಂಟರ್ನ್‌ಶಿಪ್. ಬೆಂಗಳೂರು, ಮಂಗಳೂರು, ಮಣಿಪಾಲಗಳಲ್ಲೂ ಈ ಓದು ಇದೆ. ತಜ್ಞರಿಗೆ ತವರಾದ ರಾಜ್ಯದಲ್ಲೇ ಕಾರ್ಖಾನೆಯ ಕಿವಿಗಳು ಅನಾಥವಾಗಿರುವುದು ನನಗೆ ಸಹಿಸಲಾಗದ ಸಂಗತಿ.

ಶೆಡ್ಡಿನೊಳಗಿನ ಕೆಲಸ

ಕಾರ್ಖಾನೆಗೆ ಬರುವ ಆಡಿಯಾಲಜಿಸ್ಟ್ ಮೊದಲು ಮುಟ್ಟುವುದು ಕಿವಿಯನ್ನಲ್ಲ, ಸದ್ದನ್ನು. ಸೌಂಡ್ ಲೆವೆಲ್ ಮೀಟರ್ ಹಿಡಿದು ಯಂತ್ರದಿಂದ ಯಂತ್ರಕ್ಕೆ ನಡೆದು ಎಲ್ಲೆಲ್ಲಿ ಎಷ್ಟು ಎಂಬ ನಕ್ಷೆ ಮಾಡಿಕೊಳ್ಳುತ್ತಾರೆ. ಆದರೆ ಕಾರ್ಮಿಕ ಒಂದೇ ಕಡೆ ನಿಂತಿರುವುದಿಲ್ಲ. ಪ್ರೆಸ್ ಮುಂದೆ ಎರಡು ಗಂಟೆ, ಗ್ರೈಂಡಿಂಗ್‌ನಲ್ಲಿ ಒಂದು ಗಂಟೆ, ಸ್ಟೋರಿನಲ್ಲಿ ಅರ್ಧ ಗಂಟೆ. ಅದಕ್ಕಾಗಿ ಡೋಸಿಮೀಟರ್ ಎಂಬ ಪುಟ್ಟ ಯಂತ್ರವನ್ನು ಹೆಗಲ ಮೇಲೆ, ಕಿವಿಗೆ ಹತ್ತಿರವಾಗಿ ಸಿಕ್ಕಿಸಿ ಇಡೀ ಪಾಳಿ ಬಿಡುತ್ತಾರೆ. ದಿನದ ಕೊನೆಗೆ ಅದು ಆ ಮನುಷ್ಯನ ಕಿವಿಗೆ ಬಿದ್ದ ಒಟ್ಟು ಸದ್ದಿನ ಲೆಕ್ಕ ಹೇಳುತ್ತದೆ.

ಆಮೇಲೆ ಕಿವಿ ಪರೀಕ್ಷೆ. ಸದ್ದು ಒಳಬರದ ಸಣ್ಣ ಕೋಣೆ, ತಲೆಗೆ ಹೆಡ್‌ಫೋನ್, ಕೈಯಲ್ಲೊಂದು ಗುಂಡಿ. "ಸಣ್ಣಗೆ ಕೇಳಿಸಿದ್ರೂ ಒತ್ರಿ ಅಣ್ಣಾ, ಅನುಮಾನ ಇದ್ರೂ ಒತ್ರಿ." ಕೇಳಿಸಿದರೆ ಹತ್ತು ಡೆಸಿಬೆಲ್ ಇಳಿಸುತ್ತಾರೆ, ಕೇಳಿಸದಿದ್ದರೆ ಐದು ಏರಿಸುತ್ತಾರೆ. ಹೀಗೆ ಏರಿಳಿಸುತ್ತ ಪ್ರತಿ ಸ್ಥಾಯಿಯಲ್ಲೂ ಆ ಕಿವಿಗೆ ಕೇಳುವ ಕನಿಷ್ಠ ದನಿಯನ್ನು ಹಿಡಿಯುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಚುಕ್ಕಿ ಸೇರಿಸಿದರೆ ಆಡಿಯೋಗ್ರಾಂ.

ಓದಬಲ್ಲವರಿಗೆ ಈ ಒಂದು ಹಾಳೆ ಬಹಳ ಹೇಳುತ್ತದೆ. ಗೆರೆ 2,000 ಹರ್ಟ್ಜ್‌ವರೆಗೆ ನೆಟ್ಟಗೆ ಬಂದು, 4,000ದಲ್ಲಿ ದಿಢೀರನೆ ಕುಸಿದು, 8,000ದಲ್ಲಿ ಮತ್ತೆ ಮೇಲಕ್ಕೆದ್ದರೆ ಅದು ಗದ್ದಲದ ಸಹಿ. ವಯಸ್ಸಿನಿಂದ ಬರುವ ಕಿವುಡಾದರೆ ಗೆರೆ ಕೊನೆಯವರೆಗೆ ಜಾರುತ್ತಲೇ ಹೋಗುತ್ತದೆ, ಏಳುವುದಿಲ್ಲ. "ವಯಸ್ಸಾಯಿತು, ನಾವೇನು ಮಾಡಲು ಆಗುತ್ತದೆ" ಎನ್ನುವ ಆಡಳಿತಕ್ಕೆ ಎದುರು ನಿಲ್ಲಬಲ್ಲ ಸಾಕ್ಷಿ ಆ ತಗ್ಗು. ಅರವತ್ತು ದಾಟಿದವರಲ್ಲಿ ಎರಡೂ ಬೆರೆತು ತಗ್ಗು ಮಸುಕಾಗುತ್ತದೆ. ಅದಕ್ಕೇ ಕೆಲಸಕ್ಕೆ ಸೇರಿದಾಗಿನ ಮೊದಲ ಹಾಳೆ ಅಮೂಲ್ಯ. ಅದರ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಪ್ರತಿವರ್ಷದ ಹಾಳೆಗೆ ಅರ್ಥ.

ಆ ಮೊದಲ ಹಾಳೆಯ ಪರೀಕ್ಷೆಗೆ ಮುನ್ನ ಕನಿಷ್ಠ 14 ಗಂಟೆ ಕಿವಿಗೆ ಕೆಲಸದ ಗದ್ದಲ ಬೀಳಬಾರದೆಂಬ ಕಟ್ಟುಪಾಡು ಅಮೆರಿಕದ ನಿಯಮದಲ್ಲಿದೆ. ಇಲ್ಲದಿದ್ದರೆ ತಾತ್ಕಾಲಿಕ ಮಂಕು ಶಾಶ್ವತವೆಂದು ದಾಖಲಾದೀತು. ನಮ್ಮಲ್ಲಿ ಹಲವು ಕಡೆ ನಡೆಯುವುದು ಬೇರೆ. ಅಧಿಕಾರಿಗಳ ತಪಾಸಣೆಗೆ ಮುನ್ನ ಕಿವಿ ಪರೀಕ್ಷೆಯ ವ್ಯಾನು ಬರುತ್ತದೆ, ಪಾಳಿಯ ನಡುವೆಯೇ ಒಬ್ಬೊಬ್ಬರನ್ನು ಕರೆದು ಕೂರಿಸುತ್ತಾರೆ, ಹಾಳೆ ಕಡತ ಸೇರುತ್ತದೆ. ಅದನ್ನು ಕಾರ್ಮಿಕನಿಗೆ ತೋರಿಸಿ "ನೋಡಿ, ಹೋದ ವರ್ಷಕ್ಕಿಂತ ಇಲ್ಲಿ ಇಳಿದಿದೆ" ಎಂದು ಹೇಳುವವರಿಲ್ಲ. ಪರೀಕ್ಷೆ ಕಿವಿಯನ್ನು ಕಾಯುವುದಿಲ್ಲ, ಹಾಳೆ ನೋಡಿದವರು ಮುಂದೆ ಏನು ಮಾಡುತ್ತಾರೋ ಅದು ಕಾಯುತ್ತದೆ.

ಕಿವಿಗೆ ತುರುಕುವ ಮೊದಲು

ಗದ್ದಲ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಇಯರ್ ಪ್ಲಗ್. ಈ ವಿದ್ಯೆ ಬಲ್ಲವರು ಅದನ್ನು ಕೊನೆಗೆ ಇಡುತ್ತಾರೆ. ಮೊದಲು ಯಂತ್ರ. ಸಡಿಲಾದ ಬೋಲ್ಟು, ಸವೆದ ಬೇರಿಂಗು, ಎಣ್ಣೆ ಕಾಣದ ಗೇರು, ಸೋರುವ ಗಾಳಿ ಪೈಪು: ಇವನ್ನು ಸರಿಪಡಿಸಿದರೇ ಹಲವು ಡೆಸಿಬೆಲ್ ಇಳಿಯುತ್ತದೆ. ಕಂಪ್ರೆಸರನ್ನು ಶೆಡ್ಡಿನ ಹೊರಗಿಡಬಹುದು. ಯಂತ್ರದ ಕಾಲಿಗೆ ರಬ್ಬರ್ ಕೊಡಬಹುದು. ತಗಡಿನ ಮಾಡಿನ ಕೆಳಗೆ ಸದ್ದು ಹೀರುವ ಹಲಗೆ ಹೊಡೆಸಬಹುದು. ಹೊಸ ಯಂತ್ರ ಕೊಳ್ಳುವಾಗ ಬೆಲೆ, ವೇಗದ ಜೊತೆ ಸದ್ದೆಷ್ಟು ಎಂದೂ ಕೇಳಬಹುದು. ಆಮೇಲೆ ಪಾಳಿ ಹಂಚಿಕೆ: ಒಬ್ಬರೇ ದಿನವಿಡೀ ಅದೇ ಯಂತ್ರದ ಮುಂದೆ ನಿಲ್ಲದಂತೆ ನೋಡಿಕೊಳ್ಳುವುದು.

ಇಷ್ಟಾದರೂ ಉಳಿದ ಸದ್ದಿಗೆ ಪ್ಲಗ್. ಸ್ಪಂಜಿನ ಪ್ಲಗ್ ಹಾಕಿಕೊಳ್ಳುವುದು ಕಾಣುವಷ್ಟು ಸುಲಭವಲ್ಲ. ಕೈ ತೊಳೆದು, ಬೆರಳ ನಡುವೆ ಹೊಸೆದು ಸುಕ್ಕಿಲ್ಲದ ತೆಳ್ಳನೆಯ ಬತ್ತಿ ಮಾಡಬೇಕು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಆಗ ಅಂಕುಡೊಂಕಾದ ನಾಳ ನೇರವಾಗುತ್ತದೆ. ಬತ್ತಿಯನ್ನು ಒಳಕ್ಕೆ ನೂಕಿ, ಅದು ಹಿಗ್ಗಿ ತುಂಬಿಕೊಳ್ಳುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಬೇಕು. ಎದುರಿನವರಿಗೆ ಪ್ಲಗ್‌ನ ತುದಿ ಎದ್ದು ಕಂಡರೆ ಅದು ಒಳಗೆ ಕೂತಿಲ್ಲ ಎಂದೇ ಲೆಕ್ಕ. ಬಹುತೇಕ ಶೆಡ್ಡುಗಳಲ್ಲಿ ಕಾಣುವುದು ಕಿವಿಯ ಬಾಯಿಗೆ ಅಂಟಿಸಿಕೊಂಡ ಪ್ಲಗ್ಗೇ. ಪೊಟ್ಟಣದ ಮೇಲೆ ಬರೆದ ರಕ್ಷಣೆಯಲ್ಲಿ ಅರ್ಧವನ್ನಷ್ಟೇ ನಂಬಿ ಎಂದು ನಯೋಶ್ ಹೇಳುವುದು ಇದಕ್ಕೇ.

ಇನ್ನೊಂದು ಲೆಕ್ಕ ಕೇಳಿ. 30 ಡೆಸಿಬೆಲ್ ತಡೆಯುವ ಒಳ್ಳೆಯ ಪ್ಲಗ್ಗನ್ನು ಎಂಟು ಗಂಟೆಯ ಪಾಳಿಯಲ್ಲಿ 48 ನಿಮಿಷ ತೆಗೆದಿಟ್ಟಿರಿ ಅನ್ನಿ. ದಿನದ ಒಟ್ಟು ರಕ್ಷಣೆ 30ರಿಂದ ಸುಮಾರು 10 ಡೆಸಿಬೆಲ್‌ಗೆ ಇಳಿಯುತ್ತದೆ. ಪಾಳಿಯ ಹತ್ತರಲ್ಲಿ ಒಂದು ಪಾಲು ಕಿವಿ ತೆರೆದಿಟ್ಟರೆ ಆ ಹೊತ್ತಿನಲ್ಲೇ ದಿನದ ಬಹುಪಾಲು ಹಾನಿ ಆಗಿಹೋಗುತ್ತದೆ.

ಕಾರ್ಮಿಕರು ತೆಗೆಯುವುದಕ್ಕೆ ಕಾರಣಗಳಿವೆ. ಬೆವರಿಗೆ ತುರಿಸುತ್ತದೆ. ಮೇಸ್ತ್ರಿ ಕರೆದದ್ದು ಕೇಳುವುದಿಲ್ಲ. ನುರಿತ ನೇಕಾರ, ನುರಿತ ಟರ್ನರ್ ಯಂತ್ರದ ಆರೋಗ್ಯವನ್ನು ಅದರ ಸದ್ದಿನಿಂದಲೇ ಅರಿಯುತ್ತಾನೆ. ಕಿವಿ ಮುಚ್ಚಿದರೆ ಅವನ ವಿದ್ಯೆಯ ಅರ್ಧ ಹೋಗುತ್ತದೆ. "ಹಾಕ್ಕೊಳ್ಳಿ" ಎಂದು ಗದರಿಸುವ ಸೂಪರ್‌ವೈಸರ್‌ಗೆ ಇದು ಅರ್ಥವಾಗದು. ಒಳ್ಳೆಯ ಆಡಿಯಾಲಜಿಸ್ಟ್ ಇದನ್ನು ಮೊದಲು ಕೇಳಿಸಿಕೊಳ್ಳುತ್ತಾರೆ. ಎಲ್ಲ ಸ್ಥಾಯಿಯನ್ನೂ ಸಮವಾಗಿ ತಗ್ಗಿಸಿ ಯಂತ್ರದ ದನಿಯ ಗುರುತು ಕೆಡಿಸದ ಪ್ಲಗ್‌ಗಳಿವೆ. ಕೆಲವರಿಗೆ ಇಡೀ ಕಿವಿಯನ್ನು ಹೊರಗಿನಿಂದ ಮುಚ್ಚುವ ಮಫ್ ಒಗ್ಗುತ್ತದೆ. 92 ಡೆಸಿಬೆಲ್ ಇರುವ ಕಡೆ 35 ತಡೆಯುವ ಪ್ಲಗ್ ಕೊಡುವುದು ತಪ್ಪು. ಅಷ್ಟು ನಿಶ್ಶಬ್ದದಲ್ಲಿ ಮನುಷ್ಯ ಅಪಾಯದ ಕೂಗನ್ನೂ ಕಳೆದುಕೊಳ್ಳುತ್ತಾನೆ. ಯಾರ ಕಿವಿಗೆ, ಯಾವ ಕೆಲಸಕ್ಕೆ ಯಾವುದು ಎಂದು ಹೊಂದಿಸುವುದೇ ಈ ವೃತ್ತಿಯ ಕಸುವು.

ವಾಸನೆಯೂ ಕಿವಿ ಕೆಡಿಸುತ್ತದೆ

ಬ್ರೆಜಿಲ್ ಮೂಲದ ಆಡಿಯಾಲಜಿಸ್ಟ್ ತಾಯಿಸ್ ಮೊರಾಟ ಸಾವೊ ಪಾಲೊದ ಮುದ್ರಣ ಮತ್ತು ಬಣ್ಣ ತಯಾರಿಕೆ ಕಾರ್ಮಿಕರನ್ನು ಅಧ್ಯಯನ ಮಾಡಿದಾಗ ಹೊಸ ಸಂಗತಿಯೊಂದು ಸಿಕ್ಕಿತು. 1993ರಲ್ಲಿ ಪ್ರಕಟವಾದ ಆ ವರದಿಯಂತೆ, ಗದ್ದಲವಷ್ಟೇ ಇದ್ದವರಲ್ಲಿ ಶ್ರವಣದೋಷದ ಸಾಧ್ಯತೆ ಗದ್ದಲವೂ ರಾಸಾಯನಿಕವೂ ತಾಗದವರಿಗಿಂತ 4 ಪಟ್ಟು. ಗದ್ದಲದ ಜೊತೆ ಶಾಯಿಯಲ್ಲಿರುವ ಟಾಲ್ವಿನ್ ಎಂಬ ದ್ರಾವಕವನ್ನೂ ಉಸಿರಾಡಿದವರಲ್ಲಿ ಅದು 11 ಪಟ್ಟು. ಹೆಚ್ಚು ಗದ್ದಲವಿಲ್ಲದೆ ದ್ರಾವಕಗಳ ಮಿಶ್ರಣವನ್ನು ಮಾತ್ರ ಉಸಿರಾಡಿದವರಲ್ಲೂ 5 ಪಟ್ಟು. ರಕ್ತದ ಮೂಲಕ ಒಳಗಿವಿ ಸೇರುವ ಈ ರಾಸಾಯನಿಕಗಳಿಗೆ ಇಯರ್ ಪ್ಲಗ್ ಅಡ್ಡವೇ ಅಲ್ಲ. ಮೊರಾಟ ಮುಂದೆ ನಯೋಶ್ ಸೇರಿ ಇದೇ ವಿಷಯದಲ್ಲಿ ವೃತ್ತಿಜೀವನ ಸವೆಸಿದರು. ನಮ್ಮ ಪೇಂಟಿಂಗ್ ಶೆಡ್ಡುಗಳಲ್ಲಿ, ಮುದ್ರಣಾಲಯಗಳಲ್ಲಿ, ಫೈಬರ್ ಗ್ಲಾಸ್ ದೋಣಿ ಕಟ್ಟುವ ಕರಾವಳಿಯ ಅಂಗಳಗಳಲ್ಲಿ ಸದ್ದನ್ನು ಅಳೆದರೆ ಸಾಲದು, ಗಾಳಿಯನ್ನೂ ನೋಡಬೇಕು.

ಕಾನೂನಿನ ಕಣ್ಣಿಗೆ ಬೀಳದವರು

ಕಾನೂನು ಇಲ್ಲವೆಂದಲ್ಲ. ಗದ್ದಲದಿಂದ ಬರುವ ಶ್ರವಣದೋಷ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿತ್ತು. ಅಂದರೆ ಕಂಡುಬಂದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸಲೇಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಅದು ಉಳಿದಿದೆ. 1923ರ ನೌಕರರ ಪರಿಹಾರ ಕಾಯ್ದೆಯೂ ಇದನ್ನು ಉದ್ಯೋಗದಿಂದ ಬರುವ ಕಾಯಿಲೆ ಎಂದು ಒಪ್ಪಿತ್ತು.

ಆದರೆ ಮನೆಯಲ್ಲೇ ನಾಲ್ಕು ಮಗ್ಗ ಹಾಕಿಕೊಂಡವರು ಕಾರ್ಖಾನೆಯ ವ್ಯಾಖ್ಯೆಗೇ ಬರುವುದಿಲ್ಲ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ ಕಾರ್ಖಾನೆ ಎನಿಸುತ್ತಿತ್ತು, ಹೊಸ ಸಂಹಿತೆಯಲ್ಲಿ ಅದು 20. ಹೊರಗುಳಿಯುವವರ ಸಂಖ್ಯೆ ಹೆಚ್ಚಿತು. ದೊಡ್ಡಬಳ್ಳಾಪುರ, ಗದಗ-ಬೆಟಗೇರಿಯ ಸಣ್ಣ ಶೆಡ್ಡುಗಳು, ಪೀಣ್ಯದ ಹಿಂದುಗಡೆ ಗಲ್ಲಿಗಳ ಪ್ರೆಸ್ಸುಗಳು, ಗ್ರಾನೈಟ್ ಕೊಯ್ಯುವವರು, ಕೊಳವೆಬಾವಿ ಲಾರಿಯ ಹುಡುಗರು: ಇವರ ಕಿವಿಗೆ ಯಾವ ಅಧಿಕಾರಿಯೂ ಹೊಣೆಯಲ್ಲ.

ಕೆಟ್ಟ ಮೇಲೂ ನ್ಯಾಯ ದೂರವೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಎರಡೂ ಕಿವಿಗಳಲ್ಲಿ ಮಾತಿನ ಸ್ಥಾಯಿಗಳ ನಷ್ಟ 60 ಡೆಸಿಬೆಲ್ ಮುಟ್ಟಿದರೆ ಮಾತ್ರ ಶ್ರವಣದೋಷ. ಗದ್ದಲದ ಕಿವುಡು ಮೇಲಿನ ಸ್ಥಾಯಿಯಲ್ಲಿ ಆಳವಾಗಿ, ಕೆಳಗಿನ ಸ್ಥಾಯಿಯಲ್ಲಿ ಹಗುರವಾಗಿ ಇರುತ್ತದೆ. ಸರಾಸರಿ ಹಾಕಿದರೆ ಅಷ್ಟು ತಲುಪುವುದು ಅಪರೂಪ. ಮೊಮ್ಮಗಳ ಮಾತು ತಿಳಿಯದ ಅಜ್ಜ ಸರ್ಕಾರದ ಲೆಕ್ಕದಲ್ಲಿ ಚೆನ್ನಾಗಿ ಕೇಳುವವನೇ. ಪರಿಹಾರ ಕೇಳಹೋದರೆ ಕೆಲಸಕ್ಕೆ ಸೇರಿದಾಗ ಕಿವಿ ಸರಿಯಿತ್ತೆಂಬುದಕ್ಕೆ ದಾಖಲೆ ಬೇಕು, ಅದು ಅವನಲ್ಲಿಲ್ಲ.

ಆಗಬೇಕಾದ್ದು

ಇಂದು ಈ ಪದವಿ ಪಡೆದವರಲ್ಲಿ ಹೆಚ್ಚಿನವರು ಆಸ್ಪತ್ರೆ, ಶ್ರವಣ ಸಾಧನದ ಮಳಿಗೆ, ವಿಶೇಷ ಶಾಲೆಗಳಿಗೆ ಹೋಗುತ್ತಾರೆ. ಕಾರ್ಖಾನೆ ಕಡೆ ಹುದ್ದೆಗಳೇ ಇಲ್ಲದಷ್ಟು ಕಡಿಮೆ. ಅಮೆರಿಕದಲ್ಲಿ 1983ರಿಂದಲೂ ಸರಾಸರಿ 85 ಡೆಸಿಬೆಲ್ ಮುಟ್ಟಿದ ಕಾರ್ಖಾನೆ ವರ್ಷವರ್ಷ ಕಿವಿ ಪರೀಕ್ಷೆ, ತರಬೇತಿ, ಉಚಿತ ರಕ್ಷಣಾ ಸಾಧನ ಕೊಡಲೇಬೇಕು. ಆ ಪರೀಕ್ಷೆಗಳ ಹೊಣೆ ಆಡಿಯಾಲಜಿಸ್ಟ್ ಅಥವಾ ವೈದ್ಯರದು. ಆ ಒಂದು ನಿಯಮ ಸಾವಿರಾರು ಜನರಿಗೆ ವೃತ್ತಿಯ ದಾರಿ ತೆರೆಯಿತು.

ನಮ್ಮಲ್ಲೂ ಕಷ್ಟವಿಲ್ಲ. ಮೈಸೂರಿನ ಸಂಸ್ಥೆ ಇದೆ, ಪ್ರತಿವರ್ಷ ಹೊರಬರುವ ಯುವಕ ಯುವತಿಯರಿದ್ದಾರೆ, ಜಿಲ್ಲಾ ಆಸ್ಪತ್ರೆಗಳಿವೆ. ಕಾರ್ಮಿಕ ಇಲಾಖೆ ಪ್ರತಿ ಕೈಗಾರಿಕಾ ಪ್ರದೇಶಕ್ಕೂ ಪ್ರತಿ ನೇಕಾರಿಕೆ ಊರಿಗೂ ಒಬ್ಬ ಆಡಿಯಾಲಜಿಸ್ಟನ್ನು ನೇಮಿಸಲಿ. ಮಿತಿಯನ್ನು 90ರಿಂದ 85ಕ್ಕೆ ಇಳಿಸಲಿ. ಮನೆಮಗ್ಗದವರನ್ನೂ ವಾರ್ಷಿಕ ಪರೀಕ್ಷೆಯೊಳಗೆ ತರಲಿ.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಇದೆ. ಕೆಲಸದ ಜಾಗದಲ್ಲಿ ಒಂದು ತೋಳಿನಳತೆಯ ದೂರದಲ್ಲಿರುವವರ ಜೊತೆ ಮಾತಾಡಲು ದನಿ ಏರಿಸಬೇಕಾಗಿ ಬಂದರೆ ಅಲ್ಲಿನ ಸದ್ದು 85 ದಾಟಿರುವುದು ಬಹುತೇಕ ಖಚಿತ. ಮಗನೋ ಮಗಳೋ ಅಂಥ ಕಡೆ ಕೆಲಸಕ್ಕೆ ಸೇರುತ್ತಿದ್ದರೆ ಸೇರುವ ಮೊದಲೇ ಒಂದು ಆಡಿಯೋಗ್ರಾಂ ಮಾಡಿಸಿ. ಕಾರ್ಖಾನೆ ಪರೀಕ್ಷೆ ಮಾಡಿಸಿದರೆ ಪ್ರತಿಯನ್ನು ಕೇಳಿ ಪಡೆಯಿರಿ. ಆ ಹಾಳೆಗಳನ್ನು ಮಾರ್ಕ್ಸ್‌ ಕಾರ್ಡು, ಜಮೀನಿನ ಪತ್ರಗಳ ಜೊತೆಯಲ್ಲೇ ಜೋಪಾನವಾಗಿಡಿ.